ಪ್ಲಗಿನ್ ಫೈಲ್ ಕಣ್ಣೆದುರಿಗೇ ಇದೆ, ಆದ್ರೂ ಸಿಗ್ತಿಲ್ಲ ಅಂತಿದ್ಯಾ? ಕಾಣೆಯಾದ ಡಿಪೆಂಡೆನ್ಸಿ ಹುಡುಕೋದು ಹೀಗೆ

ಫೋಲ್ಡರ್ ತೆಗೆದು ನೋಡಿದ್ರೆ ಪ್ಲಗಿನ್ ಫೈಲ್ ಅಲ್ಲೇ ಕೂತಿದೆ, ಹೆಸರು ಸರಿ ಇದೆ, ಪಾತ್ ಸರಿ ಇದೆ, ಪರ್ಮಿಷನ್ನೂ ಸರಿ ಇದೆ, ಆದ್ರೂ ಅಪ್ಲಿಕೇಶನ್ ಮಾತ್ರ ಮಾಡ್ಯೂಲ್ ಸಿಗ್ಲಿಲ್ಲ ಅಂತ ಹಠ ಹಿಡ್ಕೊಂಡಿರತ್ತೆ. ರನ್ ಆಗ್ತಾ ಇರುವಾಗ ಪ್ಲಗಿನ್ (ಹೊರಗಿಂದ ಸೇರಿಸ್ಕೊಳ್ಳೋ ತುಂಡು ಪ್ರೋಗ್ರಾಮ್) ಲೋಡ್ ಮಾಡೋ ಯಾವುದೇ ಅಪ್ಲಿಕೇಶನ್ ಮೇಲೆ ಕೆಲಸ ಮಾಡಿದ್ರೂ ಇದು ಒಂದಲ್ಲ ಒಂದಿನ ಬಂದೇ ಬರತ್ತೆ, ಮೊದಲ ಸಲ ಬಂದಾಗ ಎಲ್ರೂ ಮಾಡೋದು ಒಂದೇ, ಪ್ಲಗಿನ್ನನ್ನ ಮತ್ತೆ ಬಿಲ್ಡ್ ಮಾಡೋದು, ಮತ್ತೆ ಕಾಪಿ ಮಾಡೋದು, ಸ್ಲ್ಯಾಶ್ ಉಲ್ಟಾ ಇದ್ಯಾ ಅಂತ ನೋಡೋದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗೆ.

ಯಾಕಂದ್ರೆ ಎರರಲ್ಲಿ ಯಾವ ಫೈಲಿನ ಹೆಸರು ಬಂದಿದ್ಯೋ, ಕಾಣೆಯಾಗಿರೋದು ಬಹಳ ಸಲ ಆ ಫೈಲ್ ಆಗಿರಲ್ಲ. ಪ್ಲಗಿನ್‌ಗೆ ಇನ್ನೊಂದು ಲೈಬ್ರರಿ ಬೇಕು, ಆ ಲೈಬ್ರರಿಗೆ ಮತ್ತೊಂದು ಬೇಕು, ಇವೇ ಡಿಪೆಂಡೆನ್ಸಿಗಳು, ಈ ಸಾಲಲ್ಲಿ ಎಲ್ಲೋ ಹಿಂದೆ ನಿಂತಿರೋ ಒಬ್ಬ ಬಂದಿಲ್ಲ ಅಂದ್ರೆ ಲೋಡರ್ (ಈ ಫೈಲ್‌ಗಳನ್ನ ಹುಡುಕಿ ಮೆಮೊರಿಗೆ ತರೋ ಭಾಗ) ಇಡೀ ಸಾಲನ್ನೇ ವಾಪಸ್ ಕಳ್ಸತ್ತೆ, ಆದ್ರೆ ದೂರು ಬರೆಯೋದು ಮುಂದೆ ನಿಂತೋನ ಹೆಸರಲ್ಲಿ. ಕ್ಯೂಟಿ ಅನ್ನೋ ಯುಐ ಟೂಲ್‌ಕಿಟ್ ಬಳಸೋ ಅಪ್ಲಿಕೇಶನ್‌ಗಳಲ್ಲಿ ಬರೋ ಎಕ್ಸ್‌ಸಿಬಿ (ಪರದೆ ಮೇಲೆ ವಿಂಡೋ ತೋರ್ಸೋ) ಪ್ಲಗಿನ್ ಎರರನ್ನ ಲಿನಕ್ಸಲ್ಲಿ ತುಂಬಾ ಜನ ನೋಡಿರ್ತೀರಿ, ಅದರ ಒಕ್ಕಣೆನೇ ಮಜವಾಗಿದೆ, ಪ್ಲಗಿನ್ ಸಿಕ್ಕಿದೆ ಆದ್ರೂ ಲೋಡ್ ಮಾಡಕ್ಕಾಗ್ಲಿಲ್ಲ ಅಂತ ಅದೇ ಒಪ್ಕೊಳ್ಳತ್ತೆ. ಕ್ಯೂಟಿ 6.5ರಿಂದ ಈಚೆಗೆ ಆ ಪ್ಲಗಿನ್‌ಗೆ ಲಿಬ್‌ಎಕ್ಸ್‌ಸಿಬಿ-ಕರ್ಸರ್ ಅನ್ನೋ ಲೈಬ್ರರಿ ಬೇಕು, ಬಹಳಷ್ಟು ಸಿಸ್ಟಮಲ್ಲಿ ಅದು ಮೊದಲೇ ಇನ್‌ಸ್ಟಾಲ್ ಆಗಿರಲ್ಲ, ಆ ಒಂದು ಪ್ಯಾಕೇಜ್ ಹಾಕಿದ್ರೆ ಮುಗೀತು. ಅದು ಗೊತ್ತಿಲ್ದೇ ಕ್ಯೂಟಿನೇ ಅಳಿಸಿ ಮತ್ತೆ ಹಾಕೋರು ಎಷ್ಟು ಜನ ಇದಾರೋ.

ಹಾಗಾಗಿ ಊಹೆ ಮಾಡೋದು ಬಿಟ್ಟು ಲೋಡರನ್ನೇ ಕೇಳೋದು, ನೀನು ಯಾವ ಹೆಸರನ್ನ ಎಲ್ಲೆಲ್ಲಿ ಹುಡುಕ್ದೆ ಅಂತ. ಎಲ್ಲಾ ಪ್ಲಾಟ್‌ಫಾರ್ಮಲ್ಲೂ ಅದನ್ನ ಕೇಳೋಕೆ ದಾರಿ ಇದೆ. ಕೆಳಗೆ ಕಮಾಂಡ್‌ಗಳನ್ನ ಬಾಯಲ್ಲಿ ಹೇಳೋ ಥರಾನೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಹಾಕ್ಕೊಳ್ಳಿ.

ಮೊದ್ಲು ಪೂರ್ತಿ ಎರರ್ ಹೊರಗೆ ಬರ್ಲಿ

ಪ್ಲಗಿನ್ ಲೋಡ್ ಮಾಡೋ ಕೋಡ್ ಬರೆದೋರು, ಅದು ನಾವೇ ಆಗಿರಬಹುದು, ಒಂದು ಪ್ಲಗಿನ್ ಕೆಟ್ರೆ ಇಡೀ ಅಪ್ಲಿಕೇಶನ್ ಬೀಳ್ಬಾರ್ದು ಅಂತ ಒಂದು ಟ್ರೈ-ಕ್ಯಾಚ್ ಹಾಕಿರ್ತಾರೆ, ಒಳ್ಳೇದೇ, ಆದ್ರೆ ಕ್ಯಾಚ್ ಒಳಗೆ "ಪ್ಲಗಿನ್ ಲೋಡ್ ಆಗ್ಲಿಲ್ಲ" ಅಂತ ಒಂದು ಸಾಲು ಪ್ರಿಂಟ್ ಮಾಡಿ ಅಸಲಿ ಎರರನ್ನ ನುಂಗಿಬಿಟ್ಟಿರ್ತಾರೆ. ಪೈಥಾನಲ್ಲಂತೂ ಇಂಪೋರ್ಟ್ ಎರರ್ ಬಂದ್ರೆ ಪಾಸ್ ಅಂತ ಬರೆದಿರೋದನ್ನ ನೋಡಿದ್ರೆ ಮೈ ಉರಿಯತ್ತೆ, ಪ್ಲಗಿನ್ನೇ ಇಲ್ಲ ಅನ್ನೋದಕ್ಕೂ ಪ್ಲಗಿನ್ ಒಳಗೆ ಬೇರೆ ಯಾವ್ದೋ ಇಂಪೋರ್ಟ್ ಬಿದ್ದಿದೆ ಅನ್ನೋದಕ್ಕೂ ಅಲ್ಲಿ ವ್ಯತ್ಯಾಸಾನೇ ಉಳಿಯಲ್ಲ.

ಆದ್ರಿಂದ ಲೋಡರ್ ಕೋಡ್ ನಿಮ್ಮ ಕೈಲಿದ್ರೆ ಮೊದ್ಲು ಅದನ್ನ ಸರಿ ಮಾಡ್ಕೊಳ್ಳಿ. ವಿಂಡೋಸಲ್ಲಿ ಪ್ಲಗಿನ್ ಲೋಡ್ ಮಾಡೋ ಲೋಡ್‌ಲೈಬ್ರರಿ ಫಂಕ್ಷನ್ ಸೊನ್ನೆ ಕೊಟ್ಟ ತಕ್ಷಣ, ಮಧ್ಯೆ ಒಂದು ಲಾಗ್ ಕಾಲ್ ಕೂಡ ಇಲ್ದಂಗೆ, ಗೆಟ್‌ಲಾಸ್ಟ್‌ಎರರ್ ಕರೀರಿ, ಮಧ್ಯೆ ಬೇರೆ ಏನಾದ್ರೂ ಕರೆದ್ರೆ ಆ ನಂಬರ್ ಬದಲಾಗಿರಬಹುದು. ಲಿನಕ್ಸ್, ಮ್ಯಾಕ್ ಎರಡ್ರಲ್ಲೂ ಅದೇ ಕೆಲಸ ಮಾಡೋ ಡಿಎಲ್‌ಓಪನ್ ಆದ್ಮೇಲೆ ಡಿಎಲ್‌ಎರರ್ ಕೊಡೋ ವಾಕ್ಯಾನ ಇದ್ದಹಾಗೇ ಲಾಗ್ ಮಾಡಿ. ಡಾಟ್‌ನೆಟ್ ಆದ್ರೆ ಎಕ್ಸೆಪ್ಷನ್‌ನ ಮೆಸೇಜ್ ಮಾತ್ರ ಅಲ್ಲ, ಇನ್ನರ್ ಎಕ್ಸೆಪ್ಷನ್ ಸಮೇತ ಪೂರ್ತಿ ಬರ್ಲಿ.

ಎರರ್ ಕೈಗೆ ಸಿಕ್ಮೇಲೆ ಅದು ಯಾವ ಜಾತಿದು ಅಂತ ನೋಡಿ, ಯಾಕಂದ್ರೆ ಡಿಪೆಂಡೆನ್ಸಿ ಇಲ್ಲ ಅಂತ ನಾವು ಅಂದ್ಕೊಳ್ಳೋದ್ರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಸೇರ್ಕೊಂಡಿದೆ. ಫೈಲೇ ಸಿಕ್ಕಿಲ್ಲ ಅನ್ನೋದು ಒಂದು, ವಿಂಡೋಸಲ್ಲಿ ಇದು ಎರರ್ ನಂಬರ್ 126. ಫೈಲ್ ಸಿಕ್ತು ಆದ್ರೆ ಅದ್ರೊಳಗೆ ಬೇಕಾದ ಫಂಕ್ಷನ್ ಇಲ್ಲ, ಅಂದ್ರೆ ವರ್ಷನ್ ಬೇರೆ, ಇದು 127, ಲಿನಕ್ಸಲ್ಲಾದ್ರೆ ಅನ್‌ಡಿಫೈನ್ಡ್ ಸಿಂಬಲ್ (ಸಿಂಬಲ್ ಅಂದ್ರೆ ಫಂಕ್ಷನ್ ಥರದ್ದರ ಹೆಸರು). ಮೂರನೇದು 32 ಬಿಟ್ ಅಪ್ಲಿಕೇಶನ್‌ಗೆ 64 ಬಿಟ್ ಪ್ಲಗಿನ್ ಹಾಕಿರೋದು ಅಥವಾ ಇಂಟೆಲ್‌ಗೆ ಬಿಲ್ಡ್ ಆಗಿದ್ದನ್ನ ಆರ್ಮ್ ಪ್ರೊಸೆಸ್‌ಗೆ ಕೊಟ್ಟಿರೋದು, ವಿಂಡೋಸಲ್ಲಿ 193, ಲಿನಕ್ಸಲ್ಲಿ 32 64 ಅದಲು ಬದಲಾಗಿದ್ರೆ ರಾಂಗ್ ಎಲ್ಫ್ ಕ್ಲಾಸ್ ಅಂತ ಬರತ್ತೆ. 193 ಬಂದಿದ್ರೆ ಪಾತ್ ತಡಕಾಡೋದು ಬಿಡಿ, ಸರಿಯಾದ ಬಿಲ್ಡ್ ತಂದ್ಹಾಕಿ. 1114 ಬಂದಿದ್ರೆ ಎಲ್ಲಾ ಫೈಲ್‌ಗಳೂ ಸಿಕ್ಕಿವೆ, ಯಾವ್ದೋ ಡಿಎಲ್‌ಎಲ್‌ನ (ವಿಂಡೋಸಿನ ಲೈಬ್ರರಿ ಫೈಲ್) ಶುರುವಿನ ಕೋಡ್ ಫೇಲ್ ಆಗಿದೆ ಅಂತ ಅರ್ಥ, ಅದು ಬೇರೇನೇ ಕಥೆ.

ವಿಂಡೋಸಲ್ಲಿ 126 ಬಂದಾಗ

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಪ್ಲಗಿನ್ ಇರೋ ಫೋಲ್ಡರಲ್ಲೇ ಅದಕ್ಕೆ ಬೇಕಾದ ಡಿಎಲ್‌ಎಲ್‌ಗಳನ್ನೂ ಇಟ್ಟಿದೀನಿ, ಇನ್ನೇನು ಬೇಕು ಅಂತ ಅಂದ್ಕೊಂಡಿರ್ತೀವಿ. ಆದ್ರೆ ಲೋಡರ್ ಹುಡುಕೋಕೆ ಶುರು ಮಾಡೋದು ಪ್ಲಗಿನ್ ಮನೆಯಿಂದ ಅಲ್ಲ, ಅಪ್ಲಿಕೇಶನ್ ಮನೆಯಿಂದ. ಇಎಕ್ಸ್‌ಇ ಇರೋ ಫೋಲ್ಡರ್, ಆಮೇಲೆ ಸಿಸ್ಟಮ್32, ಆಮೇಲೆ ವಿಂಡೋಸ್ ಫೋಲ್ಡರ್, ಆಮೇಲೆ ಕರೆಂಟ್ ಡೈರೆಕ್ಟರಿ, ಕೊನೆಗೆ ಪಾತ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲಲ್ಲಿ ಪಟ್ಟಿ ಮಾಡಿರೋ ಫೋಲ್ಡರ್‌ಗಳು, ಸ್ಥೂಲವಾಗಿ ಇದು ಕ್ರಮ. ಪ್ಲಗಿನ್ ಕೂತಿರೋ ಫೋಲ್ಡರ್ ಈ ಪಟ್ಟಿಯಲ್ಲೇ ಇಲ್ಲ ನೋಡಿ. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕೋದು ಅಂದ್ರೆ ಇದೇ.

ನಂಗೆ ಇದು ಸರಿಯಾಗಿ ಬುದ್ಧಿ ಕಲ್ಸಿದ್ದು ಒಂದು ಎಕ್ಸ್‌ಪೋರ್ಟ್ ಪ್ಲಗಿನ್. ನನ್ನ ಮಷೀನಲ್ಲಿ ಹೂವಿನಂಗೆ ಓಡ್ತಿತ್ತು, ಕ್ಲೈಂಟ್ ಮಷೀನಲ್ಲಿ 126. ಇಡೀ ದಿನ ನಾನು ಪ್ಲಗಿನ್ ಪಾತನ್ನೇ ಬೈಕೊಂಡು ಕೂತಿದ್ದೆ, ಸಂಜೆ ಆಗಿ ಬೇಜಾರಾಗಿ ಪ್ರೊಸೆಸ್ ಮಾನಿಟರ್ (ಪ್ರೋಗ್ರಾಮ್ ಯಾವ ಫೈಲನ್ನ ಎಲ್ಲೆಲ್ಲಿ ಹುಡುಕತ್ತೆ ಅಂತ ತೋರ್ಸೋ ಟೂಲ್) ಹಾಕಿ ನೋಡಿದ್ರೆ ಲಿಬ್‌ಕ್ರಿಪ್ಟೊ ಡಿಎಲ್‌ಎಲ್‌ನ ಇಎಕ್ಸ್‌ಇ ಫೋಲ್ಡರಲ್ಲಿ ಹುಡುಕಿದೆ, ಸಿಸ್ಟಮ್32ರಲ್ಲಿ ಹುಡುಕಿದೆ, ಪಾತಲ್ಲಿರೋ ಹತ್ತು ಹನ್ನೆರಡು ಫೋಲ್ಡರಲ್ಲಿ ಹುಡುಕಿದೆ, ಎಲ್ಲಾ ಕಡೆ ನೇಮ್ ನಾಟ್ ಫೌಂಡ್, ಪ್ಲಗಿನ್ ಫೋಲ್ಡರ್ ಕಡೆ ಮಾತ್ರ ತಿರುಗೂ ನೋಡಿಲ್ಲ. ಆ ಫೈಲ್ ಇದ್ದಿದ್ದು ಅಲ್ಲೇ. ಹಾಗಾದ್ರೆ ನನ್ನ ಮಷೀನಲ್ಲಿ ಹೆಂಗೆ ಓಡ್ತು ಅಂತ ಅಲ್ಲೂ ಅದೇ ಟೂಲ್ ಹಾಕಿದ್ರೆ, ಯಾವತ್ತೋ ಇನ್‌ಸ್ಟಾಲ್ ಮಾಡಿದ್ದ ಬೇರೆ ಯಾವ್ದೋ ಸಾಫ್ಟ್‌ವೇರ್ ತನ್ನ ಫೋಲ್ಡರನ್ನ ಪಾತಿಗೆ ಸೇರಿಸ್ಕೊಂಡಿತ್ತು, ಅದ್ರೊಳಗೆ ಇದೇ ಹೆಸರಿನ ಡಿಎಲ್‌ಎಲ್ ಇತ್ತು, ತಿಂಗಳುಗಟ್ಲೆ ನಾನು ಟೆಸ್ಟ್ ಮಾಡಿದ್ದು ನಾನು ಕೊಟ್ಟ ಲೈಬ್ರರಿನೇ ಅಲ್ಲ.

ಪ್ರೊಸೆಸ್ ಮಾನಿಟರ್ ಬಳಸೋದು ಹೀಗೆ. ಅದು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸೆಟ್ಟಲ್ಲಿ ಉಚಿತವಾಗಿ ಸಿಗತ್ತೆ. ಫಿಲ್ಟರಲ್ಲಿ ಪ್ರೊಸೆಸ್ ನೇಮ್ ನಿಮ್ಮ ಇಎಕ್ಸ್‌ಇ ಅಂತ ಒಂದು, ಪಾತ್ ಡಾಟ್ ಡಿಎಲ್‌ಎಲ್‌ನಿಂದ ಮುಗೀಬೇಕು ಅಂತ ಇನ್ನೊಂದು ಹಾಕಿ, ಅಪ್ಲಿಕೇಶನ್ ಶುರು ಮಾಡಿ, ಪ್ಲಗಿನ್ ಲೋಡ್ ಮಾಡ್ಸಿ, ಕ್ಯಾಪ್ಚರ್ ನಿಲ್ಸಿ. ನೇಮ್ ನಾಟ್ ಫೌಂಡ್ ಅಂತ ರಾಶಿ ಸಾಲು ಕಾಣತ್ತೆ, ಹೆದರ್ಬೇಡಿ, ಒಂದು ಫೋಲ್ಡರಲ್ಲಿ ಇಲ್ದೇ ಮುಂದಿನ ಫೋಲ್ಡರಲ್ಲಿ ಸಿಕ್ಕಿದ್ರೂ ಆ ಸಾಲು ಬಂದೇ ಬರತ್ತೆ. ನೀವು ನೋಡ್ಬೇಕಾಗಿರೋದು ಒಂದೇ ಹೆಸರು ಒಂದಾದ್ಮೇಲೆ ಒಂದು ಫೋಲ್ಡರಲ್ಲಿ ಹುಡುಕಿಸ್ಕೊಂಡು ಕೊನೇವರೆಗೂ ಸಕ್ಸೆಸ್ ಕಾಣದೇ ಹೋಗಿರೋದು. ಅದೇ ನಿಮ್ಮ ಕಳ್ಳ. ಅದನ್ನ ತಂದಿಟ್ಟು ಮತ್ತೆ ಓಡ್ಸಿದ್ರೆ ಇನ್ನೊಂದು ಕಾಣೆಯಾಗಿರೋದು ಗೊತ್ತಾಗಬಹುದು, ಲೋಡರ್ ಮೊದಲ್ನೇದಕ್ಕೇ ಕೈ ಚೆಲ್ಲಿರತ್ತೆ, ಹಾಗಾಗಿ ಎರಡು ಮೂರು ಸುತ್ತು ಆಗತ್ತೆ.

ಅಪ್ಲಿಕೇಶನ್ ಓಡ್ಸದೇ ನೋಡ್ಬೇಕಂದ್ರೆ ವಿಷುಯಲ್ ಸ್ಟುಡಿಯೋ ಜೊತೆ ಬರೋ ಡಂಪ್‌ಬಿನ್‌ಗೆ /ಡಿಪೆಂಡೆಂಟ್ಸ್ ಕೊಟ್ರೆ ನೇರವಾಗಿ ಬೇಕಾದ ಡಿಎಲ್‌ಎಲ್‌ಗಳ ಹೆಸರು ಬರತ್ತೆ, ಅವುಗಳ ಕೆಳಗಿನದು ಬರಲ್ಲ. ಪೂರ್ತಿ ಮರ ನೋಡೋಕೆ ಡಿಪೆಂಡೆನ್ಸೀಸ್ ಅಂತ ಒಂದು ಓಪನ್ ಸೋರ್ಸ್ ಟೂಲ್ ಇದೆ. ಹಳೇ ಡಿಪೆಂಡೆನ್ಸಿ ವಾಕರನ್ನ ಈಗ್ಲೂ ಬಳಸೋರಿದಾರೆ, ಅದು ಎಪಿಐ-ಎಂಎಸ್-ವಿನ್ ಅಂತ ಶುರುವಾಗೋ ಹೆಸರುಗಳನ್ನೆಲ್ಲ ಕೆಂಪಲ್ಲಿ ತೋರ್ಸಿ ಗಾಬರಿ ಹುಟ್ಸತ್ತೆ, ಅವು ನಿಜವಾದ ಫೈಲ್‌ಗಳಲ್ಲ, ವಿಂಡೋಸ್ ಒಳಗೇ ಬೇರೆ ಡಿಎಲ್‌ಎಲ್‌ಗೆ ತಿರುಗಿಸ್ಕೊಳ್ಳೋ ಹೆಸರುಗಳು, ಆ ಟೂಲ್‌ಗೆ ಅದು ಗೊತ್ತಿಲ್ಲ ಅಷ್ಟೆ. ದಯವಿಟ್ಟು ಆ ಹೆಸರಿನ ಡಿಎಲ್‌ಎಲ್‌ನ ಎಲ್ಲಿಂದಲೋ ಡೌನ್‌ಲೋಡ್ ಮಾಡಿ ಸಿಸ್ಟಮ್32ಗೆ ತುರುಕ್ಬೇಡಿ.

ಇನ್ನು ಪರಿಹಾರ. ಲೋಡ್‌ಲೈಬ್ರರಿ ಬದ್ಲು ಲೋಡ್‌ಲೈಬ್ರರಿಇಎಕ್ಸ್ ಬಳಸಿ, ಪ್ಲಗಿನ್‌ನ ಪೂರ್ತಿ ಪಾತ್ ಕೊಡಿ, ಫ್ಲ್ಯಾಗಲ್ಲಿ ಲೋಡ್ ಲೈಬ್ರರಿ ಸರ್ಚ್ ಡಿಎಲ್‌ಎಲ್ ಲೋಡ್ ಡಿರ್ ಮತ್ತೆ ಲೋಡ್ ಲೈಬ್ರರಿ ಸರ್ಚ್ ಡಿಫಾಲ್ಟ್ ಡಿರ್ಸ್ ಎರಡನ್ನೂ ಸೇರ್ಸಿ. ಆಗ ಪ್ಲಗಿನ್ ಫೋಲ್ಡರಲ್ಲೂ ಹುಡುಕತ್ತೆ, ಪಾತ್ ವೇರಿಯಬಲಲ್ಲಿ ಹುಡುಕೋದನ್ನ ಬಿಟ್ಬಿಡತ್ತೆ, ನಂಗೆ ಕೇಳಿದ್ರೆ ಎರಡನೇದು ಇನ್ನೂ ದೊಡ್ಡ ಲಾಭ. ಪಾತ್ ಅರ್ಧಂಬರ್ಧ ಕೊಟ್ರೆ ಈ ಫ್ಲ್ಯಾಗ್ ಕೆಲಸ ಮಾಡಲ್ಲ, ಡ್ರೈವ್ ಅಕ್ಷರದಿಂದ ಶುರುವಾಗೋ ಪೂರ್ತಿ ಪಾತೇ ಬೇಕು. ಅಪ್ಲಿಕೇಶನ್ ಕೋಡ್ ನಿಮ್ದಲ್ಲ, ಬರೀ ಪ್ಲಗಿನ್ ಬರೆಯೋರು ನೀವು ಅಂದ್ರೆ ಡಿಪೆಂಡೆನ್ಸಿಗಳನ್ನ ಪ್ಲಗಿನ್ ಒಳಗೇ ಸ್ಟ್ಯಾಟಿಕ್ ಲಿಂಕ್ ಮಾಡೋದು (ಅವುಗಳ ಕೋಡನ್ನೇ ಪ್ಲಗಿನ್ ಫೈಲಿಗೆ ಸೇರಿಸೋದು), ಇಲ್ಲಾಂದ್ರೆ ಒಂದು ಪುಟ್ಟ ಡಿಎಲ್‌ಎಲ್‌ನ ಪ್ಲಗಿನ್ ಅಂತ ಕೊಟ್ಟು, ಅದು ತನ್ನ ಫೋಲ್ಡರ್ ಯಾವ್ದು ಅಂತ ಕಂಡ್ಕೊಂಡು ಅಸಲಿ ಪ್ಲಗಿನ್ನನ್ನ ಮೇಲಿನ ಫ್ಲ್ಯಾಗ್ ಜೊತೆ ಎಳ್ಕೊಳ್ಳೋ ಹಾಗೆ ಮಾಡೋದು.

ಇನ್ನೊಂದು ಕಳ್ಳ ಇದಾನೆ, ರನ್‌ಟೈಮ್. ಕಾಣೆಯಾಗಿರೋ ಹೆಸರು ವಿಸಿರನ್‌ಟೈಮ್140 ಅಥವಾ ಎಂಎಸ್‌ವಿಸಿಪಿ140 ಆಗಿದ್ರೆ ಆ ಮಷೀನಲ್ಲಿ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಇಲ್ಲ, ಹಾಕ್ಸಿ. ಹೆಸರಿನ ಕೊನೇಲಿ ಡಿ ಅಕ್ಷರ ಇದ್ರೆ, ವಿಸಿರನ್‌ಟೈಮ್140ಡಿ ಇಲ್ಲಾ ಯುಸಿಆರ್‌ಟಿಬೇಸ್‌ಡಿ ಥರ, ನೀವು ಡಿಬಗ್ ಬಿಲ್ಡ್ ಕಳ್ಸಿದೀರಿ, ಅದನ್ನ ಎಲ್ಲಿಂದಲೂ ಹುಡುಕಿ ಹಾಕೋಕೆ ಹೋಗ್ಬೇಡಿ, ರಿಲೀಸ್ ಬಿಲ್ಡ್ ಮಾಡಿ ಕಳ್ಸಿ.

ಲಿನಕ್ಸ್

ಇಲ್ಲಿ ಎಲ್ರ ಕೈ ಮೊದ್ಲು ಹೋಗೋದು ಡಿಪೆಂಡೆನ್ಸಿ ಪಟ್ಟಿ ಕೊಡೋ ಎಲ್‌ಡಿಡಿ ಕಮಾಂಡ್ ಕಡೆ. ಪ್ಲಗಿನ್ ಡಾಟ್ ಎಸ್‌ಓ (ಲಿನಕ್ಸಿನ ಲೈಬ್ರರಿ ಫೈಲ್) ಮೇಲೆ ಎಲ್‌ಡಿಡಿ ಓಡ್ಸಿ, ನಾಟ್ ಫೌಂಡ್ ಅಂತ ಇರೋ ಸಾಲು ನೋಡಿ, ಅರ್ಧ ಕೇಸ್ ಇಲ್ಲೇ ಮುಗಿಯತ್ತೆ. -ಆರ್ ಸೇರ್ಸಿದ್ರೆ ಸಿಗದೇ ಇರೋ ಸಿಂಬಲ್‌ಗಳನ್ನೂ ಹೇಳತ್ತೆ, ಆದ್ರೆ ಅಪ್ಲಿಕೇಶನ್ನೇ ಕೊಡ್ಬೇಕಾದ ಸಿಂಬಲ್‌ಗಳೂ ಆ ಪಟ್ಟಿಯಲ್ಲಿ ಬರತ್ತೆ, ಅವನ್ನ ಲೆಕ್ಕಕ್ಕೆ ತಗೋಬೇಡಿ. ಗುರುತು ಪರಿಚಯ ಇಲ್ದೇ ಇರೋ ಫೈಲ್ ಮೇಲೆ ಮಾತ್ರ ಎಲ್‌ಡಿಡಿ ಬೇಡ, ಕೆಲವು ಸಂದರ್ಭದಲ್ಲಿ ಅದು ಆ ಫೈಲಿನ ಕೋಡನ್ನೇ ಓಡಿಸಿಬಿಡತ್ತೆ, ಅಂಥದ್ದಕ್ಕೆ ರೀಡ್‌ಎಲ್ಫ್ -ಡಿ ಹಾಕಿ ನೀಡೆಡ್ ಅನ್ನೋ ಸಾಲುಗಳನ್ನ ಓದ್ಕೊಂಡ್ರೆ ಸಾಕು.

ತೊಂದ್ರೆ ಏನಂದ್ರೆ ನಿಮ್ಮ ಟರ್ಮಿನಲಲ್ಲಿ ಎಲ್‌ಡಿಡಿ ಎಲ್ಲಾ ಸಿಕ್ತು ಅಂತ ಹೇಳತ್ತೆ, ಅಪ್ಲಿಕೇಶನ್ ಮಾತ್ರ ಇಲ್ಲ ಅನ್ನತ್ತೆ. ಇಬ್ರೂ ಸುಳ್ಳು ಹೇಳ್ತಿಲ್ಲ, ನಿಮ್ಮ ಶೆಲ್ಲಲ್ಲಿ ಎಲ್‌ಡಿ ಲೈಬ್ರರಿ ಪಾತ್ (ಲೈಬ್ರರಿ ಹುಡುಕೋ ಫೋಲ್ಡರ್‌ಗಳ ವೇರಿಯಬಲ್) ಒಂದು ಥರ ಇದೆ, ಅಪ್ಲಿಕೇಶನ್ ಹಿನ್ನೆಲೆಯಲ್ಲಿ ಸಿಸ್ಟಮ್‌ಡಿ ಸರ್ವಿಸ್ ಆಗಿ ಓಡ್ತಾ ಇದ್ರೆ ಅದಕ್ಕೆ ಆ ವೇರಿಯಬಲ್ಲೇ ತಲುಪಿಲ್ಲ. ಆಗ ಎಲ್‌ಡಿ ಡಿಬಗ್ ಅನ್ನೋ ವೇರಿಯಬಲ್‌ಗೆ ಲಿಬ್ಸ್ ಅಂತ ಕೊಟ್ಟು ಅಸಲಿ ಅಪ್ಲಿಕೇಶನ್ನನ್ನೇ ಓಡ್ಸಿ, ವೇರಿಯಬಲ್ ಹೆಸರು ದೊಡ್ಡಕ್ಷರ, ಬೆಲೆ ಸಣ್ಣಕ್ಷರ. ಯಾವ ಲೈಬ್ರರಿನ ಯಾವ ಯಾವ ಪಾತಲ್ಲಿ ಹುಡುಕ್ತು, ಆ ಪಾತ್ ಎಲ್ಲಿಂದ ಬಂತು ಅಂತ ಸಾಲು ಸಾಲಾಗಿ ಬರತ್ತೆ. ಔಟ್‌ಪುಟ್ ದೊಡ್ಡದಿರತ್ತೆ, ಎಲ್‌ಡಿ ಡಿಬಗ್ ಔಟ್‌ಪುಟ್‌ಗೆ ಒಂದು ಫೈಲ್ ಹೆಸರು ಕೊಟ್ಟು ಅಲ್ಲಿಗೆ ಸುರಿಸ್ಕೊಳ್ಳಿ. ಹೊಸಬ್ರಿಗೆ ನಾನು ಮೊದ್ಲು ಹೇಳ್ಕೊಡೋದೇ ಇದು.

ಹಾಗೇ, ಅಪ್ಲಿಕೇಶನ್ ಒಳಗಿಂದ ಸೆಟ್‌ಎನ್ವ್ ಕರೆದು ಎಲ್‌ಡಿ ಲೈಬ್ರರಿ ಪಾತ್ ಬದಲಾಯಿಸಿ ಆಮೇಲೆ ಡಿಎಲ್‌ಓಪನ್ ಮಾಡೋ ಕೋಡ್ ನೋಡಿದೀನಿ. ಅದ್ರಿಂದ ಏನೂ ಆಗಲ್ಲ, ಲೋಡರ್ ಆ ವೇರಿಯಬಲನ್ನ ಪ್ರೊಸೆಸ್ ಹುಟ್ಟುವಾಗ ಒಂದ್ಸಲ ಓದ್ಕೊಂಡಿರತ್ತೆ, ಆಮೇಲೆ ನೀವೇನು ಬರೆದ್ರೂ ತಿರುಗಿ ನೋಡಲ್ಲ.

ಈಗ ಸ್ವಲ್ಪ ಗಮನ ಕೊಟ್ಟು ಓದ್ಬೇಕಾದ ವಿಷ್ಯ, ಆರ್‌ಪಾತ್ ಮತ್ತೆ ರನ್‌ಪಾತ್, ಅಂದ್ರೆ ಲೈಬ್ರರಿನ ಎಲ್ಲಿ ಹುಡುಕ್ಬೇಕು ಅಂತ ಫೈಲ್ ಒಳಗೇ ಬರೆದಿಡೋ ಪಾತ್‌ಗಳು. ಲಿಂಕ್ ಮಾಡುವಾಗ ಎರಡನ್ನೂ ಒಂದೇ ಆಪ್ಷನಿಂದ ಹಾಕ್ತೀವಿ, ಆದ್ರೆ ಈಗಿನ ಬಹಳಷ್ಟು ಲಿನಕ್ಸ್ ಡಿಸ್ಟ್ರೋಗಳಲ್ಲಿ ಲಿಂಕರ್ ಅದನ್ನ ರನ್‌ಪಾತ್ ಅಂತ ಬರೀತದೆ. ರನ್‌ಪಾತ್‌ನ ಗುಣ ಏನಂದ್ರೆ ಅದು ಯಾವ ಫೈಲಲ್ಲಿ ಇದ್ಯೋ ಆ ಫೈಲಿಗೆ ನೇರವಾಗಿ ಬೇಕಾದ ಲೈಬ್ರರಿಗಳಿಗೆ ಮಾತ್ರ ಅನ್ವಯ, ಮೊಮ್ಮಕ್ಕಳಿಗೆ ಇಲ್ಲ. ನಿಮ್ಮ ಪ್ಲಗಿನ್‌ಗೆ ಎ ಬೇಕು, ಎಗೆ ಬಿ ಬೇಕು, ಎ ಬಿ ಎರಡೂ ಪ್ಲಗಿನ್ ಪಕ್ಕದಲ್ಲೇ ಇವೆ, ಪ್ಲಗಿನಲ್ಲಿ ರನ್‌ಪಾತ್ ಸರಿಯಾಗಿದೆ ಅಂತ ಇಟ್ಕೊಳ್ಳಿ, ಎ ಸಿಗತ್ತೆ, ಬಿ ಸಿಗಲ್ಲ, ಯಾಕಂದ್ರೆ ಬಿನ ಹುಡುಕುವಾಗ ಲೋಡರ್ ನೋಡೋದು ಎ ಫೈಲಿನ ರನ್‌ಪಾತನ್ನ, ಅದು ಖಾಲಿ ಇರತ್ತೆ. ಆದ್ರಿಂದ ನೀವು ಜೊತೆಗೆ ಕಳ್ಸೋ ಪ್ರತಿಯೊಂದು ಲೈಬ್ರರಿಗೂ ರನ್‌ಪಾತ್ ಹಾಕ್ಬೇಕು, ಬರೀ ಪ್ಲಗಿನ್‌ಗೆ ಹಾಕಿ ಕೈ ತೊಳ್ಕೊಂಡ್ರೆ ಆಗಲ್ಲ. ಬೆಲೆ ಡಾಲರ್ ಒರಿಜಿನ್ ಅಂತಿರ್ಲಿ, ಅಂದ್ರೆ ಆ ಫೈಲ್ ಎಲ್ಲಿದ್ಯೋ ಅದೇ ಫೋಲ್ಡರ್. ಶೆಲ್ಲಲ್ಲಿ ಕೊಡುವಾಗ ಸಿಂಗಲ್ ಕೋಟ್ ಒಳಗೆ ಬರೀರಿ, ಇಲ್ಲಾಂದ್ರೆ ಶೆಲ್ ಅದನ್ನ ತನ್ನ ವೇರಿಯಬಲ್ ಅಂದ್ಕೊಂಡು ಖಾಲಿ ಮಾಡಿಬಿಡತ್ತೆ, ನೀವು ರೀಡ್‌ಎಲ್ಫಲ್ಲಿ ನೋಡಿದಾಗ ಡಾಲರ್ ಒರಿಜಿನ್ ಅಲ್ಲಿ ಇರೋದೇ ಇಲ್ಲ. ಮತ್ತೆ ಬಿಲ್ಡ್ ಮಾಡೋಕೆ ಸೋರ್ಸ್ ಇಲ್ಲ ಅಂದ್ರೆ ಪ್ಯಾಚ್‌ಎಲ್ಫ್ ಇದೆ, --ಸೆಟ್-ಆರ್‌ಪಾತ್ ಅಂತ ಹೆಸರಿದ್ರೂ ಅದು ಬರೆಯೋದು ರನ್‌ಪಾತೇ, ಹಳೇ ಥರದ ಆರ್‌ಪಾತೇ ಬೇಕಂದ್ರೆ --ಫೋರ್ಸ್-ಆರ್‌ಪಾತ್ ಸೇರ್ಸಿ.

ಫೈಲ್ ಪಕ್ಕದಲ್ಲೇ ಇದೆ, ರನ್‌ಪಾತೂ ಸರಿ ಇದೆ, ಆದ್ರೂ ಸಿಗ್ತಿಲ್ಲ ಅಂದ್ರೆ ಹೆಸರು ಸರಿಯಾಗಿ ನೋಡಿ. ಪ್ಲಗಿನ್ ಕೇಳೋದು ಡಾಟ್ ಎಸ್‌ಓ ಡಾಟ್ 2 ಅಂತ, ಫೋಲ್ಡರಲ್ಲಿ ಇರೋದು ಡಾಟ್ ಎಸ್‌ಓ ಡಾಟ್ 2.1.3, ಮಧ್ಯೆ ಇರ್ಬೇಕಾದ ಸಿಮ್‌ಲಿಂಕ್ (ಒಂದು ಹೆಸರಿಂದ ಇನ್ನೊಂದು ಫೈಲಿಗೆ ಕೈ ತೋರ್ಸೋ ಕೊಂಡಿ) ಜಿಪ್ ಮಾಡುವಾಗಲೋ ಬೇರೆ ಡ್ರೈವ್‌ಗೆ ಕಾಪಿ ಮಾಡುವಾಗಲೋ ಬಿದ್ದೋಗಿರತ್ತೆ. ಲೋಡರ್‌ಗೆ ಅಂದಾಜು ಮಾಡೋ ಬುದ್ಧಿ ಇಲ್ಲ.

ಜಿಲಿಬ್‌ಸಿ (ಬಹಳಷ್ಟು ಡಿಸ್ಟ್ರೋಗಳ ಮುಖ್ಯ ಸಿ ಲೈಬ್ರರಿ) 2.34 ಸಿಗ್ಲಿಲ್ಲ ಅನ್ನೋ ಥರದ ಸಾಲು ಬಂದ್ರೆ ಹೊಸ ಡಿಸ್ಟ್ರೋದಲ್ಲಿ ಬಿಲ್ಡ್ ಮಾಡಿ ಹಳೇದ್ರ ಮೇಲೆ ಓಡಿಸ್ತಿದೀರಿ. 2021ರಲ್ಲಿ ಬಂದ ಆ ವರ್ಷನಲ್ಲಿ ಪಿಥ್ರೆಡ್, ಡಿಎಲ್ ಲೈಬ್ರರಿಗಳನ್ನೆಲ್ಲ ಮುಖ್ಯ ಸಿ ಲೈಬ್ರರಿ ಒಳಗೇ ಸೇರಿಸಿಬಿಟ್ರು, ಅದಕ್ಕೇ ಈ ನಂಬರ್ ಇಷ್ಟು ಜಾಸ್ತಿ ಕಾಣತ್ತೆ. ಜಿಲಿಬ್‌ಸಿನ ಕಾಪಿ ಮಾಡಿ ಜೊತೆಗೆ ಕೊಡೋ ಸಾಹಸ ಬೇಡ, ನಿಮ್ಮ ಬಳಕೆದಾರರಲ್ಲಿ ಯಾರ ಸಿಸ್ಟಮ್ ಎಲ್ಲಕ್ಕಿಂತ ಹಳೇದೋ ಆ ಡಿಸ್ಟ್ರೋದ ಕಂಟೇನರಲ್ಲಿ ಬಿಲ್ಡ್ ಮಾಡಿ. ಆಲ್ಪೈನ್ ಕಂಟೇನರಲ್ಲಿ ಮಾತ್ರ ಬೀಳ್ತಿದ್ರೆ ಅಲ್ಲಿರೋದು ಮಸಲ್ ಅನ್ನೋ ಬೇರೆ ಸಿ ಲೈಬ್ರರಿ, ಅದಕ್ಕೆ ಬೇರೆ ಬಿಲ್ಡೇ ಬೇಕು.

ಕೊನೇದಾಗಿ ಅನ್‌ಡಿಫೈನ್ಡ್ ಸಿಂಬಲ್. ಆ ಫಂಕ್ಷನ್ ಅಪ್ಲಿಕೇಶನ್‌ದೇ ಆಗಿದ್ರೆ ಅಪ್ಲಿಕೇಶನ್ನನ್ನ -ಆರ್‌ಡೈನಾಮಿಕ್ ಹಾಕಿ ಲಿಂಕ್ ಮಾಡಿಲ್ಲ, ಪ್ಲಗಿನ್‌ಗೆ ಅದು ಕಾಣ್ತಿಲ್ಲ. ಬೇರೆ ಲೈಬ್ರರಿದಾಗಿದ್ರೆ ಪ್ಲಗಿನ್ ಲಿಂಕ್ ಮಾಡುವಾಗ ಆ ಲೈಬ್ರರಿ ಹೆಸರು ಕೊಡೋದೇ ಮರ್ತಿದೀರಿ, ಶೇರ್ಡ್ ಲೈಬ್ರರಿ ಬಿಲ್ಡಲ್ಲಿ ಲಿಂಕರ್ ಸಾಮಾನ್ಯವಾಗಿ ಅದಕ್ಕೆ ಚಕಾರ ಎತ್ತಲ್ಲ. ಬಿಲ್ಡ್ ಮಾಡುವಾಗ್ಲೇ ಬೈಸ್ಕೋಬೇಕಂದ್ರೆ ಲಿಂಕರ್‌ಗೆ -ಝಡ್ ಡೆಫ್ಸ್ ಕೊಡಿ. ಡಿಎಲ್‌ಓಪನ್‌ಗೆ ಲೇಜಿ ಬದ್ಲು ನೌ ಫ್ಲ್ಯಾಗ್ ಕೊಡಿ, ಇಲ್ಲಾಂದ್ರೆ ಲೋಡ್ ಆಗುವಾಗ ಸುಮ್ನಿದ್ದು ಯಾರೋ ಬಟನ್ ಒತ್ತಿದಾಗ ಇಡೀ ಪ್ರೊಸೆಸ್ ಢಮಾರ್ ಅನ್ನತ್ತೆ.

ಮ್ಯಾಕ್

ಮ್ಯಾಕಲ್ಲಿ ಎರರ್ ಮೆಸೇಜ್ ಒಂದು ಲೆಕ್ಕಕ್ಕೆ ಪುಣ್ಯ ಕಟ್ಕೊಳ್ಳತ್ತೆ, ಯಾವ ಲೈಬ್ರರಿ ಸಿಗ್ಲಿಲ್ಲ, ಅದನ್ನ ಕೇಳಿದ್ದು ಯಾರು, ಎಲ್ಲೆಲ್ಲಿ ಹುಡುಕಿದೆ ಅಂತ ಮೂರನ್ನೂ ಅದೇ ಹೇಳತ್ತೆ, ಪೂರ್ತಿ ಓದಿ ಅಷ್ಟೆ. ಓಟೂಲ್ -ಎಲ್ ಹಾಕಿದ್ರೆ ಡಿಪೆಂಡೆನ್ಸಿ ಪಟ್ಟಿ ಬರತ್ತೆ, ಅದ್ರಲ್ಲಿ ನಿಮ್ಮ ಹೋಮ್ ಫೋಲ್ಡರಿನ ಪಾತ್ ಕಂಡ್ರೆ ಬೇರೆಯೋರ ಮಷೀನಲ್ಲಿ ಅದು ಇರಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ. ಇನ್‌ಸ್ಟಾಲ್ ನೇಮ್ ಟೂಲಿಂದ ಅದನ್ನ ಅಟ್ ಲೋಡರ್ ಪಾತ್‌ಗೆ ಬದಲಾಯಿಸಿ, ಅಟ್ ಎಕ್ಸಿಕ್ಯೂಟಬಲ್ ಪಾತ್ ಅಲ್ಲ, ಅದು ಅಪ್ಲಿಕೇಶನ್ ಇರೋ ಜಾಗ. ಬದಲಾಯಿಸಿದ್ಮೇಲೆ ಕೋಡ್ ಸಿಗ್ನೇಚರ್ ಕೆಟ್ಟಿರತ್ತೆ, ಮತ್ತೆ ಸೈನ್ ಮಾಡೋದು ಮರೀಬೇಡಿ. ಬಿಗ್ ಸರ್‌ನಿಂದ ಈಚೆಗೆ ಸಿಸ್ಟಮ್ ಲೈಬ್ರರಿಗಳು ಡಿಸ್ಕಲ್ಲಿ ಬಿಡಿ ಫೈಲ್ ಆಗಿ ಕಾಣಲ್ಲ, ಹಾಗಾಗಿ ಆ ಪಾತಲ್ಲಿ ಫೈಲ್ ಇಲ್ಲ ಅಂತ ಬೆಚ್ಚಿ ಬೀಳ್ಬೇಡಿ. ಫೈಲ್‌ಗಳೆಲ್ಲ ಸರಿ ಇದ್ದೂ ಬೇರೆಯೋರು ಸೈನ್ ಮಾಡಿದ ಪ್ಲಗಿನ್ ಮಾತ್ರ ಲೋಡ್ ಆಗ್ತಿಲ್ಲ ಅಂದ್ರೆ ಅದು ಹಾರ್ಡನ್ಡ್ ರನ್‌ಟೈಮಿನ ಲೈಬ್ರರಿ ವ್ಯಾಲಿಡೇಶನ್, ಅಪ್ಲಿಕೇಶನ್ ಕಡೆ ಅದನ್ನ ಸಡಿಲ ಮಾಡೋ ಎಂಟೈಟಲ್‌ಮೆಂಟ್ (ಸೈನ್ ಮಾಡುವಾಗ ಸೇರಿಸೋ ಅನುಮತಿ) ಬೇಕು.

ಡಾಟ್‌ನೆಟ್

ಇಲ್ಲಿ ಬರೋ ಎರರ್ ಇಂತಿಂಥ ಅಸೆಂಬ್ಲಿ (ಡಾಟ್‌ನೆಟ್‌ನ ಡಿಎಲ್‌ಎಲ್) ಅಥವಾ ಅದರ ಡಿಪೆಂಡೆನ್ಸಿಗಳಲ್ಲಿ ಒಂದು ಲೋಡ್ ಆಗ್ಲಿಲ್ಲ ಅಂತ ಇರತ್ತೆ, ಆ "ಒಂದು" ಯಾವ್ದು ಅಂತ ಹೇಳೋ ಸೌಜನ್ಯ ಅದಕ್ಕೆ ಯಾವಾಗ್ಲೂ ಇರಲ್ಲ. ಪ್ಲಗಿನಲ್ಲಿರೋ ಟೈಪ್‌ಗಳನ್ನ ಗೆಟ್‌ಟೈಪ್ಸ್ ಹಾಕಿ ಹುಡುಕುವಾಗ ರಿಫ್ಲೆಕ್ಷನ್ ಟೈಪ್ ಲೋಡ್ ಎಕ್ಸೆಪ್ಷನ್ ಬಂದ್ರೆ ಅದರ ಮೆಸೇಜ್ ಬಿಡಿ, ಲೋಡರ್ ಎಕ್ಸೆಪ್ಷನ್ಸ್ ಅನ್ನೋ ಅರೇ ಒಳಗೆ ಕಾಣೆಯಾದೋರ ಹೆಸರೆಲ್ಲ ಇದೆ, ಅದನ್ನ ಪ್ರಿಂಟ್ ಮಾಡಿ. ಈ ಒಂದು ಸಾಲು ಎಷ್ಟು ಗಂಟೆ ಉಳಿಸತ್ತೆ ಅಂತ ಅನುಭವಿಸಿದೋರಿಗೇ ಗೊತ್ತು.

ಕಾರಣ ಬಹಳ ಸಲ ಏನಂದ್ರೆ ಬಿಲ್ಡ್ ಫೋಲ್ಡರಿಂದ ಪ್ಲಗಿನ್ ಡಿಎಲ್‌ಎಲ್ ಒಂದನ್ನೇ ಎತ್ಕೊಂಡು ಬಂದಿರ್ತೀವಿ. ಕ್ಲಾಸ್ ಲೈಬ್ರರಿ ಪ್ರಾಜೆಕ್ಟ್ ಬಿಲ್ಡ್ ಮಾಡಿದ್ರೆ ನ್ಯೂಗೆಟ್‌ನಿಂದ ತಂದ ಹೊರಗಿನ ಪ್ಯಾಕೇಜ್‌ಗಳ ಡಿಎಲ್‌ಎಲ್‌ಗಳು ತಾವಾಗೇ ಔಟ್‌ಪುಟ್‌ಗೆ ಬರಲ್ಲ. ಪ್ಲಗಿನ್ ಪ್ರಾಜೆಕ್ಟಲ್ಲಿ ಎನೇಬಲ್ ಡೈನಾಮಿಕ್ ಲೋಡಿಂಗ್ ಅನ್ನ ಟ್ರೂ ಮಾಡಿ, ಅಥವಾ ಪಬ್ಲಿಷ್ ಮಾಡಿದ ಫೋಲ್ಡರನ್ನ ಇಡಿಯಾಗಿ ಕಳ್ಸಿ, ಅದ್ರಲ್ಲಿರೋ ಡೆಪ್ಸ್ ಡಾಟ್ ಜೇಸನ್ ಫೈಲ್ ಕಸ ಅಂತ ಅಳಿಸ್ಬೇಡಿ. ಅಪ್ಲಿಕೇಶನ್ ಕಡೆ ಲೋಡ್‌ಫ್ರಮ್ ಬದ್ಲು ಒಂದು ಪ್ಲಗಿನ್‌ಗೆ ಒಂದು ಅಸೆಂಬ್ಲಿ ಲೋಡ್ ಕಾಂಟೆಕ್ಸ್ಟ್ ಮಾಡ್ಕೊಂಡು, ಒಳಗೆ ಅಸೆಂಬ್ಲಿ ಡಿಪೆಂಡೆನ್ಸಿ ರಿಸಾಲ್ವರ್ ಬಳಸಿ, ಡಾಟ್‌ನೆಟ್ ಕೋರ್ 3.0ಯಿಂದ ಇದು ಇದೆ, ಆ ಜೇಸನ್ ಓದಿ ಯಾವ ಫೈಲ್ ಎಲ್ಲಿದೆ ಅಂತ ಅದೇ ಹೇಳತ್ತೆ. ಲೋಡ್ ಮೆಥಡ್ ಬರೆದು ಲೋಡ್ ಅನ್‌ಮ್ಯಾನೇಜ್ಡ್ ಡಿಎಲ್‌ಎಲ್ ಮರ್ತೋರು ಜಾಸ್ತಿ, ಆಗ ಸಿ ಶಾರ್ಪ್ ಭಾಗ ಎಲ್ಲಾ ಲೋಡ್ ಆಗಿ ನೇಟಿವ್ ಲೈಬ್ರರಿ ಮಾತ್ರ ಸಿಗದೇ ಕೂತಿರತ್ತೆ.

ಇದನ್ನೆಲ್ಲ ಮಾಡಿದ್ಮೇಲೆ ಒಂದು ವಿಚಿತ್ರ ಎರರ್ ಬರಬಹುದು, ಐಪ್ಲಗಿನ್ ಅನ್ನೋ ಇಂಟರ್‌ಫೇಸ್ ಇಟ್ಕೊಂಡೇ ಬರೆದ ಪ್ಲಗಿನ್ ಕ್ಲಾಸನ್ನ ಐಪ್ಲಗಿನ್‌ಗೆ ಕಾಸ್ಟ್ ಮಾಡಕ್ಕಾಗಲ್ಲ ಅಂತ. ಓದಿದ್ರೆ ತಲೆ ತಿರುಗತ್ತೆ, ಆದ್ರೆ ಅರ್ಥ ಸರಳ, ಇಂಟರ್‌ಫೇಸ್ ಇರೋ ಅಸೆಂಬ್ಲಿ ಎರಡು ಸಲ ಲೋಡ್ ಆಗಿದೆ, ಅಪ್ಲಿಕೇಶನ್‌ದು ಒಂದು, ಪ್ಲಗಿನ್ ತನ್ನ ಜೊತೆ ತಂದಿದ್ದು ಇನ್ನೊಂದು. ಇಲ್ಲಿ ಸಮಸ್ಯೆ ಡಿಪೆಂಡೆನ್ಸಿ ಇಲ್ಲ ಅಂತಲ್ಲ, ಹೆಚ್ಚಾಯ್ತು ಅಂತ. ಪ್ಲಗಿನ್ ಪ್ರಾಜೆಕ್ಟಲ್ಲಿ ಆ ರೆಫರೆನ್ಸ್‌ಗೆ ಪ್ರೈವೇಟ್ ಫಾಲ್ಸ್ ಮತ್ತೆ ಎಕ್ಸ್‌ಕ್ಲೂಡ್ ಅಸೆಟ್ಸ್ ರನ್‌ಟೈಮ್ ಕೊಟ್ರೆ ಅದು ಔಟ್‌ಪುಟ್‌ಗೆ ಬರಲ್ಲ.

ಜಾವಾ, ಪೈಥಾನ್

ಜಾವಾದಲ್ಲಿ ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಷನ್ ಬೇರೆ, ನೋ ಕ್ಲಾಸ್ ಡೆಫ್ ಫೌಂಡ್ ಎರರ್ ಬೇರೆ. ಮೊದಲ್ನೇದು ಹೆಸರು ಕೊಟ್ಟು ಹುಡುಕಿದಾಗ ಸಿಗ್ಲಿಲ್ಲ ಅಂತ, ಎರಡನೇದು ಕಂಪೈಲ್ ಮಾಡುವಾಗ ಇದ್ದ ಕ್ಲಾಸ್ ಈಗ ಇಲ್ಲ ಅಂತ, ಪ್ಲಗಿನ್ ಜಾರ್ (ಜಾವಾ ಕ್ಲಾಸ್‌ಗಳನ್ನ ಕಟ್ಟಿಟ್ಟ ಫೈಲ್) ಜೊತೆ ಇನ್ನೊಂದು ಜಾರ್ ಬರ್ಬೇಕಿತ್ತು. ಎರಡನೇದ್ರ ಜೊತೆ ಕ್ಲಾಸನ್ನ ಇನಿಶಿಯಲೈಸ್ ಮಾಡಕ್ಕಾಗ್ಲಿಲ್ಲ ಅಂತ ಇದ್ರೆ ಮಾತ್ರ ಜಾರ್ ಹುಡುಕೋಕೆ ಹೋಗ್ಬೇಡಿ, ಕ್ಲಾಸ್ ಇದೆ, ಅದರ ಸ್ಟ್ಯಾಟಿಕ್ ಬ್ಲಾಕ್ ಮೊದಲ ಸಲ ಓಡಿದಾಗ ಬಿದ್ದಿದೆ, ಲಾಗಲ್ಲಿ ಮೇಲಕ್ಕೆ ಹೋಗಿ ಎಕ್ಸೆಪ್ಷನ್ ಇನ್ ಇನಿಶಿಯಲೈಸರ್ ಎರರ್ ಹುಡುಕಿ, ಅಸಲಿ ಕಾರಣ ಅಲ್ಲಿರತ್ತೆ. -ವರ್ಬೋಸ್:ಕ್ಲಾಸ್ ಕೊಟ್ರೆ ಯಾವ ಕ್ಲಾಸ್ ಯಾವ ಜಾರಿಂದ ಬಂತು ಅಂತ ಗೊತ್ತಾಗತ್ತೆ, ಜೆಡೆಪ್ಸ್ ಹಾಕಿದ್ರೆ ಏನೇನು ಬೇಕು ಅಂತ ಗೊತ್ತಾಗತ್ತೆ. ಪ್ಲಗಿನ್ ಒಳಗೆ ಸರ್ವಿಸ್ ಲೋಡರ್ ಬಳಸಿ ಖಾಲಿ ಪಟ್ಟಿ ಬರ್ತಿದ್ರೆ ಥ್ರೆಡ್‌ನ ಕಾಂಟೆಕ್ಸ್ಟ್ ಕ್ಲಾಸ್‌ಲೋಡರ್ ಅಪ್ಲಿಕೇಶನ್‌ದೇ ಇರತ್ತೆ, ಪ್ಲಗಿನ್ ಕರೆಯೋ ಮುಂಚೆ ಬದಲಾಯಿಸಿ, ಮುಗಿದ್ಮೇಲೆ ಫೈನಲಿ ಒಳಗೆ ವಾಪಸ್ ಇಡಿ.

ಪೈಥಾನಲ್ಲಿ ಮೊದ್ಲು ನೋಡ್ಬೇಕಾಗಿರೋದು ಅಪ್ಲಿಕೇಶನ್ ಯಾವ ಪೈಥಾನಲ್ಲಿ ಓಡ್ತಿದೆ ಅಂತ, ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ, ನೀವು ಪಿಪ್ ಇನ್‌ಸ್ಟಾಲ್ ಮಾಡಿದ ಎನ್ವಿರಾನ್‌ಮೆಂಟೇ ಬೇರೆ ಇರೋದು ಹತ್ತಕ್ಕೆ ಐದಾರು ಸಲ. ಮಾಡ್ಯೂಲ್ ನಾಟ್ ಫೌಂಡ್ ಎರರಿನ ನೇಮ್ ಅನ್ನೋ ಫೀಲ್ಡಲ್ಲಿ ನಿಜವಾಗಿ ಸಿಗದ ಮಾಡ್ಯೂಲ್ ಹೆಸರಿರತ್ತೆ, ಅದು ಪ್ಲಗಿನ್ ಹೆಸರೇನಾ ಬೇರೇನಾ ಅಂತ ಹೋಲಿಸಿದ್ರೆ ಇಂಪೋರ್ಟ್ ಎರರ್ ನುಂಗೋ ಅವಶ್ಯಕತೆನೇ ಬರಲ್ಲ. ವಿಂಡೋಸಲ್ಲಿ ಡಿಎಲ್‌ಎಲ್ ಲೋಡ್ ಫೇಲ್ಡ್ ಅಂತ ಬಂದ್ರೆ 3.8ರಿಂದ ಪೈಥಾನ್ ತನ್ನ ಎಕ್ಸ್‌ಟೆನ್ಷನ್‌ಗಳ ಡಿಎಲ್‌ಎಲ್‌ಗಳನ್ನ ಪಾತ್ ವೇರಿಯಬಲಲ್ಲಿ ಹುಡುಕಲ್ಲ ಅನ್ನೋದು ನೆನಪಿರ್ಲಿ, ಓಎಸ್ ಡಾಟ್ ಆಡ್ ಡಿಎಲ್‌ಎಲ್ ಡೈರೆಕ್ಟರಿ ಕರೆದು ಫೋಲ್ಡರ್ ಹೇಳ್ಬೇಕು.

ಎರಡು ಪ್ಲಗಿನ್, ಒಂದೇ ಲೈಬ್ರರಿ

ಒಂದೊಂದೇ ಹಾಕಿದ್ರೆ ಎರಡೂ ಪ್ಲಗಿನ್ ಓಡತ್ತೆ, 2 ಒಟ್ಟಿಗೆ ಹಾಕಿದ್ರೆ ಎರಡನೇದು ಬೀಳತ್ತೆ. ಇಬ್ರಿಗೂ ಒಂದೇ ಹೆಸರಿನ ಲೈಬ್ರರಿಯ ಬೇರೆ ಬೇರೆ ವರ್ಷನ್ ಬೇಕಾಗಿರತ್ತೆ, ಮೊದ್ಲು ಬಂದೋನು ತನ್ನದನ್ನ ಲೋಡ್ ಮಾಡ್ಕೊಂಡಿರ್ತಾನೆ, ಎರಡನೆಯೋನಿಗೆ ಬಂದಾಗ ಲೋಡರ್ ಈ ಹೆಸರು ಆಗ್ಲೇ ಮೆಮೊರಿಯಲ್ಲಿದೆ ಅಂತ ಡಿಸ್ಕ್ ಕಡೆ ಹೋಗೋದೇ ಇಲ್ಲ. ಪ್ರೊಸೆಸ್ ಮಾನಿಟರಲ್ಲಿ ಆ ಹೆಸರು ಹುಡುಕಿರೋ ಸಾಲೇ ಕಾಣಲ್ಲ, ಅದೇ ಸುಳಿವು. ಪ್ಲಗಿನ್‌ಗಳ ಕ್ರಮ ಅದಲು ಬದಲು ಮಾಡಿ ನೋಡಿ, ಬೀಳೋದು ಇನ್ನೊಂದಾದ್ರೆ ಖಾತ್ರಿ. ಸ್ಟ್ಯಾಟಿಕ್ ಲಿಂಕ್ ಮಾಡಿ ಸಿಂಬಲ್ ಮುಚ್ಚೋದು, ಲೈಬ್ರರಿಗೆ ಬೇರೆ ಹೆಸರು ಕೊಟ್ಟು ಬಿಲ್ಡ್ ಮಾಡೋದು, ಜಾವಾದಲ್ಲಾದ್ರೆ ಪ್ಯಾಕೇಜ್ ಹೆಸರು ಬದಲಾಯಿಸಿ ಶೇಡ್ ಮಾಡೋದು, ಯಾವ್ದೂ ಆಗ್ಲಿಲ್ಲ ಅಂದ್ರೆ ಪ್ಲಗಿನ್ನನ್ನ ಬೇರೆ ಪ್ರೊಸೆಸಲ್ಲಿ ಓಡಿಸೋದು. ಕೊನೇದು ಕೆಲಸ ಜಾಸ್ತಿ, ಆದ್ರೆ ಹೊರಗಿನೋರು ಬರೆಯೋ ಪ್ಲಗಿನ್‌ಗಳನ್ನ ತಗೊಳ್ಳೋ ಅಪ್ಲಿಕೇಶನ್ ಆದ್ರೆ ನಾನು ಅದನ್ನೇ ಆರಿಸ್ಕೊಳ್ತೀನಿ.

ಕಳ್ಸೋಕೆ ಮುಂಚೆ

ಪ್ಲಗಿನ್ ಪಾತ್ ಒಂದನ್ನ ತಗೊಂಡು, ಅಪ್ಲಿಕೇಶನ್ ಹೆಂಗೆ ಲೋಡ್ ಮಾಡತ್ತೋ ಅದೇ ಫ್ಲ್ಯಾಗಲ್ಲಿ ಲೋಡ್ ಮಾಡಿ, ಆಗ್ಲಿಲ್ಲ ಅಂದ್ರೆ ಎರರ್ ಪ್ರಿಂಟ್ ಮಾಡಿ ನಿಲ್ಲೋ ಇಪ್ಪತ್ತು ಸಾಲಿನ ಪುಟ್ಟ ಪ್ರೋಗ್ರಾಮ್ ಒಂದು ಬರ್ಕೊಳ್ಳಿ, ಬಿಲ್ಡ್ ಮುಗಿದ ತಕ್ಷಣ ಕಂಪೈಲರ್ ಎಸ್‌ಡಿಕೆ ಏನೂ ಇಲ್ದೇ ಇರೋ ಖಾಲಿ ಕಂಟೇನರಲ್ಲೋ ವರ್ಚುವಲ್ ಮಷೀನಲ್ಲೋ ಅದನ್ನ ಓಡ್ಸಿ. ಡೆವಲಪರ್ ಮಷೀನಲ್ಲಿ ಟೆಸ್ಟ್ ಮಾಡಿದ್ದು ಈ ವಿಷ್ಯದಲ್ಲಿ ಲೆಕ್ಕಕ್ಕೆ ಬರಲ್ಲ, ಅಲ್ಲಿ ಬೇಕಾದ್ದು ಬೇಡದ್ದು ಎಲ್ಲಾ ಇರತ್ತೆ.

ಅಪ್ಲಿಕೇಶನ್ ಲಾಗಲ್ಲಿ ಲೋಡ್ ಫೇಲ್ ಆದಾಗ ಪ್ಲಗಿನ್‌ನ ಪೂರ್ತಿ ಪಾತ್, ಓಎಸ್ ಕೊಟ್ಟ ಎರರ್ ನಂಬರ್ ಮತ್ತೆ ವಾಕ್ಯ, ಪ್ರೊಸೆಸ್ 32ಆ 64ಆ, ಕರೆಂಟ್ ಡೈರೆಕ್ಟರಿ, ಪಾತ್ ಅಥವಾ ಎಲ್‌ಡಿ ಲೈಬ್ರರಿ ಪಾತ್‌ನ ಬೆಲೆ, ಆ ಹೊತ್ತಿಗೆ ಮೆಮೊರಿಯಲ್ಲಿದ್ದ ಲೈಬ್ರರಿಗಳ ಪಟ್ಟಿ, ಇಷ್ಟು ಬಂದ್ಬಿಟ್ರೆ ಮೇಲೆ ಹೇಳಿದ ಕ್ಲೈಂಟ್ ಥರದ ಕೇಸಲ್ಲಿ ಅವರ ಮಷೀನಿಗೆ ಕನೆಕ್ಟ್ ಆಗೋ ಕೆಲಸಾನೇ ಇರಲ್ಲ, ಲಾಗ್ ಕಳ್ಸಿ ಅಂದ್ರೆ ಸಾಕು.